ತನಿಖಾ ವರದಿ ಬರೆಯುವ ಬಗೆ: ಉತ್ತರ ಕನ್ನಡದ ಠಾಣೆಗಳಿಗೆ ಹೊಸದಾಗಿ ಬಂದವರಿಗಾಗಿ

ತನಿಖಾ ವರದಿಯನ್ನು ಓದುವವರಲ್ಲಿ ಘಟನಾ ಸ್ಥಳವನ್ನು ಕಣ್ಣಾರೆ ಕಂಡವರು ಬಹುಮಟ್ಟಿಗೆ ಯಾರೂ ಇರುವುದಿಲ್ಲ. ಕಡತವು ಠಾಣೆಯಿಂದ ಮೇಲಧಿಕಾರಿಗಳ ಕಚೇರಿಗೆ, ಅಲ್ಲಿಂದ ಸರ್ಕಾರಿ ಅಭಿಯೋಜಕರ ಬಳಿಗೆ, ಆಮೇಲೆ ನ್ಯಾಯಾಲಯಕ್ಕೆ ಹೋಗುತ್ತದೆ. ಸಾಕ್ಷಿ ವಿಚಾರಣೆ ಶುರುವಾಗುವ ಹೊತ್ತಿಗೆ ಬರೆದ ಅಧಿಕಾರಿ ಬೇರೆ ಜಿಲ್ಲೆಗೆ ವರ್ಗವಾಗಿರಬಹುದು, ಸ್ಥಳ ಪರಿಶೀಲನೆಗೆ ಸಾಕ್ಷಿಯಾಗಿ ನಿಂತ ಪಂಚರಲ್ಲಿ ಒಬ್ಬರು ತೀರಿಕೊಂಡಿರಬಹುದು, ಅಪಘಾತ ನಡೆದ ಘಟ್ಟದ ತಿರುವು ರಸ್ತೆ ಅಗಲೀಕರಣದಲ್ಲಿ ಗುರುತೇ ಸಿಗದಂತೆ ಬದಲಾಗಿರಬಹುದು. ಆಗ ಉಳಿಯುವುದು ಬರೆದಿಟ್ಟ ಕಾಗದ ಮಾತ್ರ. ಆದ್ದರಿಂದ ಸ್ಥಳಕ್ಕೆ ಎಂದೂ ಬಾರದ ಒಬ್ಬರು ಆ ಕಾಗದವನ್ನು ಓದಿ ಏನು ನಡೆದಿದೆ ಎಂಬುದನ್ನು ತಾವೇ ತಿಳಿದುಕೊಳ್ಳುವಂತೆ ಬರೆಯುವುದನ್ನು ಕಲಿಯಬೇಕು.

ಇದಕ್ಕೆ ಬೇಕಾದ ಮುಖ್ಯ ಶಿಸ್ತು ಒಂದೇ. ತಾನು ಕಂಡದ್ದು, ಬೇರೆಯವರು ಹೇಳಿದ್ದು, ಇವೆರಡರಿಂದ ತಾನು ತೀರ್ಮಾನಿಸಿದ್ದು, ಈ ಮೂರನ್ನು ಒಂದರೊಳಗೊಂದು ಬೆರೆಸದೆ ಬರೆಯಬೇಕು. ಪಂಚರ ಮುಂದೆ ಬರೆಯುವ ಪಂಚನಾಮೆಯಲ್ಲಿ ಕಂಡದ್ದಿರಬೇಕು, ಸಾಕ್ಷಿ ಹೇಳಿಕೆಯಲ್ಲಿ ಸಾಕ್ಷಿ ಹೇಳಿದ್ದಿರಬೇಕು, ಅಧಿಕಾರಿಯ ತೀರ್ಮಾನಕ್ಕೆ ಅಂತಿಮ ವರದಿಯಲ್ಲಿ ಜಾಗವಿದೆ. ಪಾಟೀಸವಾಲಿನಲ್ಲಿ ಕುಸಿಯುವ ಕಡತಗಳನ್ನು ತೆಗೆದು ನೋಡಿದರೆ ಅನೇಕ ಸಲ ತನಿಖೆ ಕೆಟ್ಟದ್ದಾಗಿರುವುದಿಲ್ಲ. ಪಂಚನಾಮೆಯೊಳಗೆ ಅಭಿಪ್ರಾಯ ನುಸುಳಿರುತ್ತದೆ, ಸಾಕ್ಷಿಯ ಬಾಯಲ್ಲಿ ಬರಹಗಾರರ ಮಾತು ಸೇರಿರುತ್ತದೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಹಳೆಯ ಕಲಂ ಸಂಖ್ಯೆಗಳು ಕೈಗೆ ಅಭ್ಯಾಸವಾಗಿರುವುದರಿಂದ, ಘಟನೆ ನಡೆದ ದಿನಾಂಕವನ್ನು ನೋಡಿ ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಆಮೇಲೆಯೇ ಕಲಂ ನಮೂದಿಸುವುದು ಒಳ್ಳೆಯದು.

ಪ್ರಥಮ ವರ್ತಮಾನ ವರದಿ

ಫಿರ್ಯಾದಿಯ ಮಾತನ್ನು ಫಿರ್ಯಾದಿಯ ಮಾತಾಗಿಯೇ ಬರೆಯಬೇಕು. ನಮ್ಮ ಠಾಣೆಗಳ ಅಪಘಾತ ಪ್ರಕರಣಗಳಲ್ಲಿ 'ಅತಿವೇಗ ಹಾಗೂ ನಿಷ್ಕಾಳಜಿಯಿಂದ, ಮಾನವ ಜೀವಕ್ಕೆ ಅಪಾಯವಾಗುವ ರೀತಿಯಲ್ಲಿ ಚಲಾಯಿಸಿಕೊಂಡು ಬಂದು' ಎಂಬ ಸಾಲು ತಾನಾಗಿಯೇ ಬಂದು ಕೂರುತ್ತದೆ. ಆ ಸಾಲು ಕಲಮಿನ ಭಾಷೆಯೇ ಹೊರತು ಕಂಡವರ ಭಾಷೆಯಲ್ಲ. ಕರ್ನಾಟಕ ಸರ್ಕಾರ ಮತ್ತು ಸತೀಶ್ ನಡುವಿನ, 1998ರಲ್ಲಿ ತೀರ್ಮಾನವಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾಹನ ಅತಿವೇಗದಲ್ಲಿತ್ತು ಎಂದ ಮಾತ್ರಕ್ಕೆ ನಿರ್ಲಕ್ಷ್ಯ ರುಜುವಾತಾಗುವುದಿಲ್ಲ ಎಂದು ಸ್ಪಷ್ಟಪಡಿಸಿದೆ. ಅದು ಒಂದು ಲಾರಿಯ ಅಪಘಾತದ ಪ್ರಕರಣ, ನಮ್ಮ ರಾಜ್ಯದ್ದೇ. ಆದ್ದರಿಂದ ಫಿರ್ಯಾದಿಯನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ: ಲಾರಿ ರಸ್ತೆಯ ಯಾವ ಬದಿಯಲ್ಲಿತ್ತು, ಎದುರಿನ ವಾಹನ ಎಷ್ಟು ದೂರದಿಂದ ಕಾಣುತ್ತಿತ್ತು, ಹಾರ್ನ್ ಕೇಳಿಸಿತೇ, ತಿರುವಿನಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕಲು ಹೊರಟಿದ್ದರೇ. ಈ ಉತ್ತರಗಳನ್ನು ಬರೆದರೆ ನಿರ್ಲಕ್ಷ್ಯ ಎಂಬ ಪದವಿಲ್ಲದೆಯೂ ನಿರ್ಲಕ್ಷ್ಯ ಕಾಣಿಸುತ್ತದೆ.

ಫಿರ್ಯಾದು ತಡವಾಗಿದ್ದರೆ ಕಾರಣವನ್ನು ಅಲ್ಲಿಯೇ ಬರೆಸಿಕೊಳ್ಳಬೇಕು. ಗಂಭೀರವಾಗಿ ಗಾಯಗೊಂಡವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಒಯ್ಯುವುದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ. ಮನೆಯವರು ಆಸ್ಪತ್ರೆಯಲ್ಲಿದ್ದು ಮರುದಿನ ಸಂಜೆ ಠಾಣೆಗೆ ಬಂದರೆ ಅದರಲ್ಲಿ ಅಸಹಜವಾದದ್ದೇನೂ ಇಲ್ಲ. ಆದರೆ ಅದನ್ನು ಬರೆಯದಿದ್ದರೆ, ಯೋಚಿಸಿ ಕಟ್ಟಿದ ಫಿರ್ಯಾದು ಎಂಬ ವಾದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ ಆಗುತ್ತದೆ. ಯಾರು, ಎಷ್ಟು ಹೊತ್ತಿಗೆ, ಯಾವ ವಾಹನದಲ್ಲಿ, ಯಾವ ಆಸ್ಪತ್ರೆಗೆ ಒಯ್ದರು ಎಂಬ ಎರಡು ಸಾಲು ಸಾಕು. ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಫಿರ್ಯಾದಿಗೆ ಅಥವಾ ನೊಂದವರಿಗೆ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಕೊಡುವ ಮೊದಲು ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದರೆ ಹೆಸರು, ಸಮಯ, ದಿಕ್ಕುಗಳ ತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಊರಿನ ಹೆಸರನ್ನು ತಾಲೂಕಿನ ಸಮೇತ ಬರೆಯಬೇಕು. ಶಿರೂರು ಅಂಕೋಲಾ ತಾಲೂಕಿನಲ್ಲೂ ಇದೆ, ಉಡುಪಿ ಜಿಲ್ಲೆಯ ಬೈಂದೂರಿನ ಬಳಿಯೂ ಇದೆ, ಎರಡೂ ಇರುವುದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ. 2024ರ ಜುಲೈ 16ರಂದು ಗುಡ್ಡ ಕುಸಿದಾಗ ದೂರದ ಊರಿನವರಲ್ಲಿ ಎಷ್ಟೋ ಜನರಿಗೆ ಅದು ಯಾವ ಶಿರೂರು ಎಂದು ವಿವರಿಸಿ ಹೇಳಬೇಕಾಯಿತು. ಮನುಷ್ಯರ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. ಘಟ್ಟದ ಮೇಲಿನ ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಗಡೆಯವರೋ, ಕರಾವಳಿಯ ಒಂದೇ ಕೇರಿಯಲ್ಲಿ ಒಂದೇ ಹೆಸರಿನ ಮೂವರು ನಾಯ್ಕರೋ ಇರುವುದು ಅಪರೂಪವಲ್ಲ. ತಂದೆಯ ಹೆಸರು, ಪ್ರಾಯ, ಮನೆತನದ ಅಥವಾ ಕೇರಿಯ ಹೆಸರು ಮೂರೂ ಇದ್ದರೆ ಮುಂದೆ ಸಮನ್ಸು ತಪ್ಪಿದ ಮನೆಗೆ ಹೋಗುವುದಿಲ್ಲ. ಸಾಕ್ಷಿ 'ನಮ್ಮ ಭಾವ ಇದ್ದ' ಎಂದರೆ ಭಾವ ಎಂದಷ್ಟೇ ಬರೆದು ಬಿಡದೆ ಯಾರು ಎಂದು ಕೇಳಿ ಹೆಸರನ್ನೂ ಸೇರಿಸಬೇಕು, ಏಕೆಂದರೆ ಹವ್ಯಕರ ಕೇರಿಯಲ್ಲಿ ಅರ್ಧ ಊರೇ ಇನ್ನರ್ಧ ಊರಿಗೆ ಭಾವ.

ಸ್ಥಳ ಪಂಚನಾಮೆ

ಹೊಸಬರು ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದಲ್ಲಿ ಲಾರಿ ಮತ್ತು ಬೈಕಿನ ನಡುವೆ ಡಿಕ್ಕಿಯಾಗಿದೆ ಎಂದು ಭಾವಿಸಿಕೊಳ್ಳೋಣ. ಸಾಮಾನ್ಯವಾಗಿ ಕಾಣಸಿಗುವ ಪಂಚನಾಮೆ ಹೀಗಿರುತ್ತದೆ: 'ಘಟನಾ ಸ್ಥಳವು ಡಾಂಬರು ರಸ್ತೆಯಾಗಿದ್ದು, ಸಾಕಷ್ಟು ಅಗಲವಾಗಿದ್ದು, ಸದರಿ ಸ್ಥಳದಲ್ಲಿ ಗಾಜಿನ ಚೂರುಗಳು ಬಿದ್ದಿದ್ದು, ಲಾರಿ ಚಾಲಕನು ತನ್ನ ಬದಿಯನ್ನು ಬಿಟ್ಟು ಬಂದು ಅಪಘಾತಪಡಿಸಿದ್ದು ಕಂಡುಬರುತ್ತದೆ.' ಇದರಲ್ಲಿ ಅಳತೆಯಿಲ್ಲ, ದಿಕ್ಕಿಲ್ಲ, ಕೊನೆಯ ತುಣುಕಂತೂ ಪಂಚರು ಕಂಡದ್ದಲ್ಲ. ಪಂಚರು ಸ್ಥಳಕ್ಕೆ ಬಂದಾಗ ಅಪಘಾತ ನಡೆದು ಗಂಟೆಗಳೇ ಕಳೆದಿದ್ದವು.

ಅದೇ ಸ್ಥಳವನ್ನು ಹೀಗೆ ಬರೆಯಬಹುದು: 'ಇಲ್ಲಿ ರಸ್ತೆ ಪೂರ್ವ-ಪಶ್ಚಿಮವಾಗಿದೆ; ಪೂರ್ವಕ್ಕೆ ಶಿರಸಿ, ಪಶ್ಚಿಮಕ್ಕೆ ಕುಮಟಾ. ಡಾಂಬರಿನ ಅಗಲ 7.10 ಮೀಟರ್. ಉತ್ತರ ಬದಿಯಲ್ಲಿ ಧರೆ (ಗುಡ್ಡ ಕಡಿದ ಗೋಡೆ), ದಕ್ಷಿಣ ಬದಿಯಲ್ಲಿ ಕಣಿವೆ ಮತ್ತು ತಡೆಗೋಡೆ ಇವೆ. ಮೋರಿಯ ಪೂರ್ವ ಅಂಚಿನಿಂದ ಪೂರ್ವಕ್ಕೆ 14.20 ಮೀಟರ್ ದೂರದಲ್ಲಿ, ಡಾಂಬರಿನ ಉತ್ತರ ಅಂಚಿನಿಂದ 2.30 ಮೀಟರ್ ಒಳಗೆ, ಗಾಜಿನ ಚೂರುಗಳು ಸುಮಾರು ಒಂದು ಮೀಟರ್ ಸುತ್ತಳತೆಯಲ್ಲಿ ಚದುರಿವೆ. ಡಾಂಬರಿನ ಮೇಲೆ ಟೈರು ಉಜ್ಜಿದ ಕಪ್ಪು ಗುರುತು ಇದೆ. ಅದು ದಕ್ಷಿಣ ಅಂಚಿನಿಂದ 2 ಮೀಟರ್ ಒಳಗೆ ಶುರುವಾಗಿ, ರಸ್ತೆ ನಡುವಿನ ಬಿಳಿ ಗೆರೆಯನ್ನು ದಾಟಿ, ಗಾಜಿನ ಚೂರುಗಳಿರುವಲ್ಲಿ ಮುಗಿಯುತ್ತದೆ. ಉದ್ದ 11.60 ಮೀಟರ್.' ಇಲ್ಲಿ ಯಾರ ಮೇಲೂ ಆಪಾದನೆಯಿಲ್ಲ. ಆದರೆ ಲಾರಿ ಶಿರಸಿಯಿಂದ ಇಳಿದು ಬರುತ್ತಿತ್ತು ಎಂಬ ಸಾಕ್ಷಿ ಹೇಳಿಕೆಯನ್ನು ಇದರ ಪಕ್ಕದಲ್ಲಿಟ್ಟು ಓದಿದ ನ್ಯಾಯಾಧೀಶರಿಗೆ, ಗೆರೆ ದಾಟಿದ್ದು ಯಾರು ಎಂಬುದು ತಾನಾಗಿಯೇ ತಿಳಿಯುತ್ತದೆ. ಹಾಗೆ ತಿಳಿದದ್ದನ್ನು ಅಲುಗಾಡಿಸುವುದು ಕಷ್ಟ.

ಅಳತೆಗಳನ್ನು ಮುಂದೆಯೂ ಉಳಿಯುವ ವಸ್ತುವಿನಿಂದ ತೆಗೆಯಬೇಕು. ಮೋರಿ, ಕಿಲೋಮೀಟರ್ ಕಲ್ಲು, ಸಂಖ್ಯೆ ಬರೆದಿರುವ ಹೆಸ್ಕಾಂ ಕಂಬ, ಮನೆಯ ಮೂಲೆ ಇವು ಒಳ್ಳೆಯ ಆಧಾರಗಳು. ನಿಲ್ಲಿಸಿಟ್ಟ ವಾಹನ, ಮರದ ನೆರಳು, ರಸ್ತೆ ಬದಿಯ ಗೂಡಂಗಡಿ ಅಲ್ಲ. ಘಟ್ಟದ ರಸ್ತೆಗಳು ಅಗಲವಾಗುತ್ತಿರುವ ಈ ಕಾಲದಲ್ಲಿ ಕನಿಷ್ಠ ಎರಡು ಆಧಾರಗಳಿಂದ ಅಳೆದಿಡುವುದು ಕ್ಷೇಮ. ಮಳೆಗಾಲವಾಗಿದ್ದರೆ ಸ್ಥಳ ತಲುಪಿದಾಗ ಮಳೆ ಇತ್ತೇ, ಅದಕ್ಕೂ ಮೊದಲು ಸುರಿದಿತ್ತೇ, ಮಂಜು ಮುಸುಕಿತ್ತೇ ಎಂಬುದನ್ನೂ ಬರೆಯಬೇಕು. ರಕ್ತದ ಕಲೆ ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆಗೆ ಆಗ ಉತ್ತರ ಕಾಗದದಲ್ಲೇ ಇರುತ್ತದೆ. ಇಲ್ಲದ್ದನ್ನು ಇಲ್ಲ ಎಂದು ಬರೆಯುವುದೂ ಪಂಚನಾಮೆಯ ಕೆಲಸವೇ.

ಕಡಲ ತೀರದಲ್ಲಿ ಈ ನಿಯಮ ಇನ್ನೂ ಬಿಗಿಯಾಗುತ್ತದೆ. ಮುರ್ಡೇಶ್ವರದಲ್ಲೋ ಗೋಕರ್ಣದಲ್ಲೋ ಶವ ದೊರೆತಾಗ 'ಸಮುದ್ರದ ನೀರಿನಿಂದ 10 ಮೀಟರ್ ದೂರದಲ್ಲಿ' ಎಂದು ಬರೆದರೆ ಆ ಅಳತೆಗೆ ಅರ್ಥವಿಲ್ಲ, ಏಕೆಂದರೆ ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ ಬರುತ್ತದೆ, ನೀರಿನ ಅಂಚು ಗಂಟೆಗೊಂದು ಕಡೆ ಇರುತ್ತದೆ. ದಡದ ಮೇಲಿನ ಗಟ್ಟಿ ಗುರುತಿನಿಂದ ಅಳೆದು, ಆ ಸಮಯದಲ್ಲಿ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನು ಬರೆದು, ದಡದ ಮೀನುಗಾರರನ್ನು ಕೇಳಿ ಗಾಳಿ ಮತ್ತು ಸೆಳೆತದ ದಿಕ್ಕನ್ನು ಅವರ ಹೇಳಿಕೆಯಾಗಿ ದಾಖಲಿಸಬೇಕು. ಶವ ಪಂಚನಾಮೆಯ ಬಗ್ಗೆ ಹೇಳುವ ಸುರಕ್ಷಾ ಸಂಹಿತೆಯ ಕಲಂ 194, ಮೈಮೇಲಿನ ಗಾಯ, ಮೂಳೆ ಮುರಿತ, ತರಚಿದ ಗುರುತುಗಳು ಮತ್ತು ಅವು ಯಾವ ರೀತಿಯಲ್ಲಿ ಅಥವಾ ಯಾವ ಆಯುಧದಿಂದ ಆದಂತೆ ತೋರುತ್ತವೆ ಎಂಬುದನ್ನು ಬರೆಯಲು ಹೇಳುತ್ತದೆ. ವರದಿ 24 ಗಂಟೆಯೊಳಗೆ ದಂಡಾಧಿಕಾರಿಗೆ ಹೋಗಬೇಕು. ಬಂಡೆಗೆ ಬಡಿದ ಗಾಯವೋ ಅದಕ್ಕೂ ಮೊದಲಿನ ಗಾಯವೋ ಎಂಬುದನ್ನು ಹೇಳಬೇಕಾದವರು ವೈದ್ಯರು. ನಾವು ಗಾಯದ ಜಾಗ, ಉದ್ದ, ಬಣ್ಣ, ಮೈಮೇಲಿನ ಬಟ್ಟೆ, ಕೈಯಲ್ಲಿ ಹಿಡಿದದ್ದು, ಅಂಟಿದ ಮರಳು ಇವನ್ನು ಬಿಡದೆ ಬರೆದುಕೊಟ್ಟರೆ ಅವರ ಕೆಲಸಕ್ಕೆ ಅದು ನೆರವಾಗುತ್ತದೆ.

ಕಳವಿನ ಪ್ರಕರಣದಲ್ಲಿ ಒಂದು ಸಡಿಲ ಮಾತು ಕಲಮನ್ನೇ ಬದಲಿಸಬಲ್ಲದು. ಶಿರಸಿ ತಾಲೂಕಿನ ಮನೆಯೊಂದರಿಂದ ಅಡಿಕೆ ಹೋಗಿದೆ ಎನ್ನಿ. 'ಮನೆಯ ಹತ್ತಿರ ಇಟ್ಟಿದ್ದ ಅಡಿಕೆ ಕಳವಾಗಿದೆ' ಎಂದು ಬರೆದರೆ ಅದು ಅಂಗಳದಲ್ಲಿ ಒಣಹಾಕಿದ ಅಡಿಕೆಯೋ, ಬೀಗ ಹಾಕಿದ ಕೋಣೆಯಲ್ಲಿ ತುಂಬಿಟ್ಟ ಚೀಲವೋ ತಿಳಿಯುವುದಿಲ್ಲ. ಬಯಲಿನಿಂದ ಒಯ್ದರೆ ನ್ಯಾಯ ಸಂಹಿತೆಯ ಕಲಂ 303(2), ವಾಸದ ಮನೆಯೊಳಗಿಂದ ಒಯ್ದರೆ ಕಲಂ 305, ರಾತ್ರಿ ಹೊತ್ತು ಬೀಗ ಮುರಿದು ಒಳಹೊಕ್ಕರೆ ಅದರೊಂದಿಗೆ ಕಲಂ 331(4). ಆದ್ದರಿಂದ ದಣಪೆ (ಬೇಲಿಯ ಗೇಟು), ಪಾಗಾರ (ಆವರಣ ಗೋಡೆ), ಅಂಗಳ, ಜಗಲಿ, ಒಳಕೋಣೆ ಎಂದು ಹೊರಗಿನಿಂದ ಒಳಕ್ಕೆ ಕ್ರಮವಾಗಿ ಬರೆಯುತ್ತ ಹೋಗಿ, ಅಡಿಕೆ ಎಲ್ಲಿತ್ತು, ಬೀಗದ ಯಾವ ಭಾಗ ಮುರಿದಿದೆ, ಅದು ಎಲ್ಲಿ ಬಿದ್ದಿದೆ ಎಂಬುದನ್ನು ಗುರುತಿಸಬೇಕು. ಅಡಿಕೆಯ ಬಗೆಯನ್ನೂ ಹೇಳಬೇಕು: ಚಾಲಿಯೋ, ರಾಶಿಯೋ, ಬೆಟ್ಟೆಯೋ, ಕೆಂಪುಗೋಟೋ. ದರ ಬೇರೆಬೇರೆ ಇರುವುದರಿಂದ ಮೌಲ್ಯವೂ ಬದಲಾಗುತ್ತದೆ, ಮೌಲ್ಯಕ್ಕೆ ಈಗ ಮೊದಲಿಗಿಂತ ಹೆಚ್ಚು ಮಹತ್ವವಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವಿನಲ್ಲಿ ಮೊದಲ ಬಾರಿ ಅಪರಾಧಿಯಾದವನು ಮಾಲನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆಯನ್ನು ಕಾನೂನು ಹೇಳುತ್ತದೆ. ಅಡಿಕೆಗೆ ಅಡಿಕೆ ಒಂದೇ ರೀತಿ ಕಾಣುವುದರಿಂದ, ಮುಂದೆ ಮುದ್ದೆಮಾಲನ್ನು (ಸಾಕ್ಷ್ಯವಾಗಿ ಜಪ್ತಿ ಮಾಡಿದ ವಸ್ತುವನ್ನು) ಗುರುತಿಸುವುದು ಚೀಲದಿಂದಲೇ. ಚೀಲದ ಮೇಲಿನ ಅಚ್ಚು, ಬಣ್ಣದಲ್ಲಿ ಬರೆದ ಅಕ್ಷರ, ಬಾಯಿ ಹೊಲಿದ ದಾರದ ಬಣ್ಣ, ಹಾಕಿದ ತೇಪೆ ಇವನ್ನು ಫಿರ್ಯಾದಿಯಿಂದ ಮೊದಲ ದಿನವೇ ಕೇಳಿ ಬರೆದುಕೊಂಡಿರಬೇಕು. ಮಾಲು ಸಿಕ್ಕಿದ ಮೇಲೆ ಬರೆದರೆ ಅದಕ್ಕೆ ಬೆಲೆಯಿಲ್ಲ.

ಶೋಧ ಮತ್ತು ಜಪ್ತಿಯನ್ನು ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಧ್ವನಿ-ದೃಶ್ಯ ರೂಪದಲ್ಲಿ ದಾಖಲಿಸಬೇಕು. ವಿಡಿಯೋ ಇದೆ ಎಂದು ಪಂಚನಾಮೆಯನ್ನು ತೆಳುವಾಗಿ ಬರೆಯುವ ಅಭ್ಯಾಸ ಶುರುವಾಗಿರುವುದು ಸರಿಯಲ್ಲ. ಎರಡೂ ಒಂದನ್ನೊಂದು ಬೆಂಬಲಿಸಬೇಕು. ಜಪ್ತಿಯ ಸಮಯ, ಚೀಲಗಳ ಸಂಖ್ಯೆ, ಪಂಚರು ನಿಂತ ಜಾಗ ವಿಡಿಯೋದಲ್ಲೊಂದು ಕಾಗದದಲ್ಲೊಂದು ಆಗಿದ್ದರೆ ಎರಡರ ಮೇಲೂ ಸಂಶಯ ಬರುತ್ತದೆ.

ಸಾಕ್ಷಿಗಳ ಹೇಳಿಕೆ

ಸುರಕ್ಷಾ ಸಂಹಿತೆಯ ಕಲಂ 180 ಪ್ರತಿಯೊಬ್ಬ ಸಾಕ್ಷಿಯ ಹೇಳಿಕೆಯನ್ನು ಪ್ರತ್ಯೇಕವಾಗಿಯೂ ಸತ್ಯವಾಗಿಯೂ ಬರೆಯಬೇಕೆನ್ನುತ್ತದೆ. ಮೊದಲ ಸಾಕ್ಷಿಯ ಹೇಳಿಕೆಯನ್ನು ನಕಲು ಮಾಡಿ ಹೆಸರು ಮಾತ್ರ ಬದಲಿಸಿದ ಹೇಳಿಕೆಗಳನ್ನು ನ್ಯಾಯಾಲಯ ಒಂದೇ ನೋಟದಲ್ಲಿ ಗುರುತಿಸುತ್ತದೆ. ಒಂದೇ ಜಗಳವನ್ನು ಅಂಗಡಿಯೊಳಗಿಂದ ನೋಡಿದವರು ಮತ್ತು ಬಸ್ ನಿಲ್ದಾಣದಿಂದ ನೋಡಿದವರು ಒಂದೇ ವಾಕ್ಯದಲ್ಲಿ ಹೇಳಲು ಸಾಧ್ಯವೇ ಇಲ್ಲ. ಅವರ ಮಾತುಗಳಲ್ಲಿ ಸಣ್ಣ ವ್ಯತ್ಯಾಸಗಳಿದ್ದರೆ ಅವನ್ನು ತಿದ್ದಿ ಸಮ ಮಾಡುವ ಕೆಲಸ ನಮ್ಮದಲ್ಲ. ವ್ಯತ್ಯಾಸ ದೊಡ್ಡದಾಗಿದ್ದರೆ ಮತ್ತೆ ಕೇಳಿ, ಮತ್ತೆ ಕೇಳಿದ್ದೇವೆ ಎಂಬುದನ್ನೂ ಬರೆದು, ಉತ್ತರವನ್ನು ದಾಖಲಿಸಬೇಕು.

ಈ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ ಎಂದು ಕಲಂ 181 ಹೇಳುತ್ತದೆ. ಅದೇ ಕಲಮಿನ ವಿವರಣೆಯ ಪ್ರಕಾರ, ಮಹತ್ವದ ಸಂಗತಿಯೊಂದನ್ನು ಹೇಳಿಕೆಯಲ್ಲಿ ಬಿಟ್ಟಿದ್ದರೆ ಆ ಬಿಟ್ಟದ್ದೂ ವಿರೋಧಾಭಾಸವೆನಿಸಬಹುದು. ಸಾಕ್ಷಿ 'ಅವನ ಕೈಯಲ್ಲಿ ಕತ್ತಿ ಇತ್ತು' ಎಂದು ಹೇಳಿಯೂ ಬರೆಯುವವರು ಅವಸರದಲ್ಲಿ ಆ ಮಾತನ್ನು ಬಿಟ್ಟರೆ, ಮುಂದೆ ನ್ಯಾಯಾಲಯದಲ್ಲಿ ಸುಳ್ಳುಗಾರರೆನಿಸಿಕೊಳ್ಳುವುದು ಸತ್ಯ ಹೇಳಿದ ಆ ಸಾಕ್ಷಿ. ಇದು ಬಹಳ ನೋವಿನ ಸಂಗತಿ. ಕೂಲಿ ಬಿಟ್ಟು ನಾಲ್ಕು ಸಲ ಕಾರವಾರಕ್ಕೆ ಬಂದು ಕಟಕಟೆಯಲ್ಲಿ ನಿಂತವರಿಗೆ ನಾವು ಮಾಡಬಹುದಾದ ಅನ್ಯಾಯಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಯಾರ ಕೈಯಲ್ಲಿ ಏನಿತ್ತು, ಎಷ್ಟು ಏಟು ಬಿತ್ತು, ದೇಹದ ಯಾವ ಭಾಗಕ್ಕೆ ಬಿತ್ತು, ಬಿಡಿಸಲು ಯಾರು ಬಂದರು ಎಂಬುದನ್ನು ಕೇಳದೆ ಹೇಳಿಕೆಯನ್ನು ಮುಗಿಸಬಾರದು.

ಸಮಯದ ವಿಷಯದಲ್ಲಿ ಸಾಕ್ಷಿಯ ಅಳತೆಗೋಲನ್ನೇ ಇಟ್ಟುಕೊಳ್ಳಬೇಕು. ತೋಟದಲ್ಲಿದ್ದವರು ಗಡಿಯಾರ ನೋಡಿರುವುದಿಲ್ಲ. 'ಶಿರಸಿಯಿಂದ ಬರುವ ಸಂಜೆ ಬಸ್ಸು ಹೋದ ಸ್ವಲ್ಪ ಹೊತ್ತಿಗೆ' ಎನ್ನುತ್ತಾರೆ. ಅದನ್ನು '18-30 ಗಂಟೆಗೆ' ಎಂದು ನಾವೇ ಬದಲಿಸಿ ಬರೆದರೆ ಪಾಟೀಸವಾಲಿನಲ್ಲಿ ಅವರು 'ನನಗೆ ಗಂಟೆ ಗೊತ್ತಿಲ್ಲ' ಎಂದುಬಿಡುತ್ತಾರೆ, ಅದು ನಿಜವೂ ಹೌದು. ಅವರು ಹೇಳಿದಂತೆಯೇ ಬರೆದು, ಆ ದಿನ ಬಸ್ಸು ಆ ನಿಲ್ದಾಣವನ್ನು ಎಷ್ಟು ಗಂಟೆಗೆ ದಾಟಿತು ಎಂಬುದನ್ನು ವಾಯವ್ಯ ಸಾರಿಗೆಯ ಘಟಕದಿಂದ ಬೇರೆಯಾಗಿ ಪಡೆದು ಲಗತ್ತಿಸಿದರೆ ಸಮಯ ಎರಡು ಕಡೆಯಿಂದ ಗಟ್ಟಿಯಾಗುತ್ತದೆ. ಮೀನುಗಾರರ ಹೇಳಿಕೆಯಲ್ಲೂ ಹೀಗೆಯೇ ತಾಳೆ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿರುವಾಗ ಸಾಕ್ಷಿ ಟ್ರಾಲರ್‌ನಿಂದ ಮೀನು ಇಳಿಸುತ್ತಿದ್ದೆ ಎಂದರೆ, ಮತ್ತೊಮ್ಮೆ ಕೇಳದೆ ಬಿಡುವುದು ತಪ್ಪಾಗುತ್ತದೆ.

ರಾತ್ರಿಯ ಘಟನೆಯಲ್ಲಿ 'ಬೀದಿದೀಪದ ಬೆಳಕಿನಲ್ಲಿ ಸ್ಪಷ್ಟವಾಗಿ ನೋಡಿರುತ್ತೇನೆ' ಎಂಬುದು ಇನ್ನೊಂದು ಸಿದ್ಧ ಸಾಲು. ಆಷಾಢದ ಗಾಳಿಮಳೆಯಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಿರುವುದು ಮಲೆನಾಡಿನ ಹಳ್ಳಿಗಳಲ್ಲಿ ಹೊಸತಲ್ಲ. ಹೆಸ್ಕಾಂ ದಾಖಲೆಯ ಒಂದು ಹಾಳೆ ಆ ಸಾಲನ್ನೂ ಅದರೊಂದಿಗೆ ಇಡೀ ಸಾಕ್ಷಿಯನ್ನೂ ಕೆಡವಬಹುದು. ಬೆಳಕು ಯಾವುದು, ಎಷ್ಟು ದೂರದಲ್ಲಿತ್ತು, ಮುಖ ಕಂಡಿತೋ ಧ್ವನಿ ಕೇಳಿತೋ, ಆ ವ್ಯಕ್ತಿ ಮೊದಲೇ ಪರಿಚಿತನೋ ಎಂದು ಕೇಳಬೇಕು. ಟಾರ್ಚಿನ ಬೆಳಕಿನಲ್ಲಿ ಬೆನ್ನು ಮಾತ್ರ ಕಂಡಿದ್ದರೆ ಬೆನ್ನು ಕಂಡಿತೆಂದೇ ಬರೆಯಬೇಕು. 'ಪಕ್ಕದ ಮನೆಯವರು' ಎಂಬ ಮಾತಿಗೂ ಇಲ್ಲಿ ಅಳತೆ ಬೇಕು, ಏಕೆಂದರೆ ಅಡಿಕೆ ತೋಟದ ಊರುಗಳಲ್ಲಿ ಪಕ್ಕದ ಮನೆ ಒಂದು ಕಣಿವೆಯ ಆಚೆಗೂ ಇರಬಹುದು.

ನಮ್ಮ ಜಿಲ್ಲೆಯ ಭಾಷೆಗಳ ವಿಷಯವನ್ನು ತರಬೇತಿಯಲ್ಲಿ ಬೇಕಾದಷ್ಟು ಹೇಳುವುದಿಲ್ಲ ಎಂಬುದು ನನ್ನ ಅನಿಸಿಕೆ. ಕಾರವಾರದ ಕಡೆ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಯಲ್ಲಾಪುರ ಮತ್ತು ಹಳಿಯಾಳದ ಸಿದ್ದಿಗಳಲ್ಲಿ ಅವರದೇ ಕೊಂಕಣಿ, ಅಂಕೋಲೆಯ ಹಾಲಕ್ಕಿಗಳಲ್ಲಿ ಅವರದೇ ಕನ್ನಡ. ಸಾಕ್ಷಿ ಕೊಂಕಣಿಯಲ್ಲಿ ಹೇಳಿದ್ದನ್ನು ಗ್ರಂಥಸ್ಥ ಕನ್ನಡದಲ್ಲಿ ಬರೆದು ಸುಮ್ಮನಿದ್ದರೆ, ಇಷ್ಟು ಶುದ್ಧ ಕನ್ನಡ ನಿಮಗೆ ಬರುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ಹೇಳಿಕೆ ಬಿದ್ದುಹೋಗುತ್ತದೆ. ಯಾವ ಭಾಷೆಯಲ್ಲಿ ಹೇಳಿದರು, ಕನ್ನಡಕ್ಕೆ ತಂದವರು ಯಾರು, ಆ ಭಾಷೆ ಅವರಿಗೆ ಹೇಗೆ ಗೊತ್ತು, ಬರೆದದ್ದನ್ನು ಸಾಕ್ಷಿಯ ಭಾಷೆಯಲ್ಲಿ ಓದಿ ಹೇಳಲಾಯಿತೇ ಎಂಬುದನ್ನು ನಮೂದಿಸಿ, ಹೇಳಿಕೆಯನ್ನು ಭಾಷಾಂತರಿಸಿದವರನ್ನೂ ಸಾಕ್ಷಿಪಟ್ಟಿಗೆ ಸೇರಿಸಬೇಕು. ಕಲಂ 180 ಧ್ವನಿ-ದೃಶ್ಯ ದಾಖಲೆಗೂ ಅವಕಾಶ ಕೊಡುವುದರಿಂದ ಇಂಥ ಸಾಕ್ಷಿಗಳ ವಿಷಯದಲ್ಲಿ ಅದನ್ನು ಬಳಸಿಕೊಳ್ಳಬೇಕು. ಬೈಗುಳವನ್ನೂ ಆಡಿದಂತೆಯೇ ಬರೆಯಬೇಕು. 'ಅವಾಚ್ಯ ಶಬ್ದಗಳಿಂದ ಬೈದು' ಎಂಬುದರಿಂದ ಏನು ಬೈದರೆಂದು ಯಾರಿಗೂ ತಿಳಿಯುವುದಿಲ್ಲ.

ಮಹಿಳೆಯರು, 15 ವರ್ಷದೊಳಗಿನ ಮಕ್ಕಳು, 60 ವರ್ಷ ಮೀರಿದವರು, ಅಂಗವಿಕಲರು ಮತ್ತು ತೀವ್ರ ಕಾಯಿಲೆಯವರನ್ನು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲವಾದ್ದರಿಂದ, ಹೇಳಿಕೆಯನ್ನು ಎಲ್ಲಿ ಪಡೆಯಲಾಯಿತು ಎಂಬುದನ್ನೂ ಬರೆಯಬೇಕು.

ಆರೋಪಿಯ ಹೇಳಿಕೆ ಮತ್ತು ಅದರಿಂದ ಸಿಕ್ಕ ವಸ್ತು

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗುವುದಿಲ್ಲ. ಸಾಕ್ಷ್ಯ ಅಧಿನಿಯಮದ ಕಲಂ 23ರ ಪರಂತುಕದಂತೆ (ಕಲಮಿಗೆ ಸೇರಿಸಿದ ವಿನಾಯಿತಿಯಂತೆ), ಹೇಳಿಕೆಯಿಂದ ನೇರವಾಗಿ ಪತ್ತೆಯಾದ ಸಂಗತಿಗೆ ಸಂಬಂಧಿಸಿದ ಭಾಗ ಮಾತ್ರ ಸಾಕ್ಷ್ಯವಾಗಿ ಬರುತ್ತದೆ. 1947ರಲ್ಲಿ ವರದಿಯಾದ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ, ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿದ ಈ ಮಿತಿ ಇಂದಿಗೂ ನಡೆಯುತ್ತಿದೆ. ಇಷ್ಟಿದ್ದರೂ ಅಪರಾಧದ ಇಡೀ ಕಥೆಯನ್ನು ಮೂರು ಪುಟಗಳಲ್ಲಿ ಬರೆದು, ಬೇಕಾದ ಒಂದು ಸಾಲನ್ನು ಅಸ್ಪಷ್ಟವಾಗಿ ಬಿಡುವುದುಂಟು. 'ಕದ್ದ ಮಾಲನ್ನು ತೋರಿಸುತ್ತೇನೆ' ಎಂದರೆ ಸಾಲದು. 'ನಾಲ್ಕು ಚೀಲ ಅಡಿಕೆಯನ್ನು ನಮ್ಮ ಮನೆಯ ಹಿಂದಿನ ಬೆಟ್ಟದಲ್ಲಿ ದರಕಿನ (ಒಣ ಎಲೆಗಳ) ರಾಶಿಯ ಕೆಳಗೆ ನಾನೇ ಮುಚ್ಚಿಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ' ಎಂದು ಅವನು ಹೇಳಿದ್ದರೆ ಅದೇ ಮಾತುಗಳಲ್ಲಿ ಬರೆಯಬೇಕು. ಪಂಚರನ್ನು ಯಾವಾಗ, ಎಲ್ಲಿಗೆ ಕರೆಸಲಾಯಿತು, ದಾರಿ ತೋರಿಸಿದವರು ಯಾರು, ಮುಂದೆ ನಡೆದವರು ಯಾರು, ದರಕನ್ನು ಸರಿಸಿದವರು ಯಾರು, ಆ ಜಾಗ ಹೊರಗಿನಿಂದ ಕಾಣುತ್ತಿತ್ತೇ ಎಂಬುದು ಪಂಚನಾಮೆಯಲ್ಲಿರಬೇಕು. ದಸ್ತಗಿರಿಯ ಕಾರಣಗಳನ್ನು ಆರೋಪಿಗೆ ತಿಳಿಸಿದ್ದನ್ನು ಬರೆಯುವಾಗ ಕಲಂ ಸಂಖ್ಯೆಯನ್ನಷ್ಟೇ ಬರೆಯದೆ, ಅವನು ಏನು ಮಾಡಿದ್ದಾನೆಂಬ ಆಧಾರದ ಮೇಲೆ ಹಿಡಿಯಲಾಯಿತು ಎಂಬುದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು.

ಸಿಸಿಟಿವಿ ದೃಶ್ಯಗಳ ಬಗ್ಗೆ ಒಂದು ಸಣ್ಣ ಆದರೆ ದುಬಾರಿಯಾಗಬಲ್ಲ ಸಂಗತಿ ಇದೆ. ಪೆಟ್ರೋಲ್ ಬಂಕಿನ ಅಥವಾ ಅಂಗಡಿಯ ಯಂತ್ರದ ಗಡಿಯಾರ ಎಷ್ಟೋ ಸಲ ಸರಿಯಿರುವುದಿಲ್ಲ. ದೃಶ್ಯ ಪಡೆಯುವಾಗಲೇ ಯಂತ್ರ ತೋರಿಸುವ ಸಮಯವನ್ನೂ ನಿಜವಾದ ಸಮಯವನ್ನೂ ಅಕ್ಕಪಕ್ಕ ಬರೆದು ವ್ಯತ್ಯಾಸವನ್ನು ನಮೂದಿಸಬೇಕು. ಡಿಜಿಟಲ್ ದಾಖಲೆಗೆ ಸಾಕ್ಷ್ಯ ಅಧಿನಿಯಮದ ಕಲಂ 63(4) ಕೇಳುವ ಪ್ರಮಾಣಪತ್ರವನ್ನು, ಹ್ಯಾಶ್ ಮೌಲ್ಯದ (ದಾಖಲೆ ಬದಲಾಗಿಲ್ಲವೆಂದು ತೋರಿಸುವ ಗುರುತಿನ) ಸಹಿತ, ಆಗಲೇ ಪಡೆದಿಡಬೇಕು. ಇಂಥ ಪ್ರಮಾಣಪತ್ರದ ಅಗತ್ಯವನ್ನು ಹಳೆಯ ಕಾನೂನಿನ ಅಡಿಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 2020ರ ಅರ್ಜುನ್ ಪಂಡಿತರಾವ್ ಖೋಟ್ಕರ್ ಪ್ರಕರಣದಲ್ಲಿ ಖಚಿತಪಡಿಸಿದೆ. ಉಪಕರಣ ಯಾರ ಕೈಯಿಂದ ಯಾರ ಕೈಗೆ, ಯಾವ ದಿನ ಹೋಯಿತು ಎಂಬ ಸರಣಿಯನ್ನು ಅಂತಿಮ ವರದಿಯಲ್ಲಿ ಕೊಡಬೇಕೆಂದು ಸುರಕ್ಷಾ ಸಂಹಿತೆಯ ಕಲಂ 193 ಈಗ ಕೇಳುತ್ತದೆ.

ಕೇಸ್ ಡೈರಿ ಮತ್ತು ಅಂತಿಮ ವರದಿ

ಮಾಹಿತಿ ತಲುಪಿದ ಸಮಯ, ತನಿಖೆ ಶುರು ಮಾಡಿದ ಮತ್ತು ನಿಲ್ಲಿಸಿದ ಸಮಯ, ಹೋದ ಸ್ಥಳಗಳು, ತಿಳಿದುಬಂದ ಸಂಗತಿಗಳು, ಇವನ್ನು ಸುರಕ್ಷಾ ಸಂಹಿತೆಯ ಕಲಂ 192 ದಿನದಿನವೂ ಬರೆಯಲು ಹೇಳುತ್ತದೆ, ಪುಟಸಂಖ್ಯೆಯಿರುವ ಸಂಪುಟದಲ್ಲಿ. ವಾರದ ಕೊನೆಗೆ ಕೂತು ಏಳು ದಿನದ್ದನ್ನು ಬರೆದರೆ ಅದು ಭಾಷೆಯಿಂದಲೇ ತಿಳಿದುಬಿಡುತ್ತದೆ. ಹೋಗಿ ಏನೂ ಸಿಗದೆ ಬಂದ ದಿನವನ್ನೂ ಬರೆಯಬೇಕು. ತನಿಖೆ ಅರ್ಧದಲ್ಲಿ ಬೇರೆಯವರಿಗೆ ಹೋದಾಗ ಅವರಿಗೆ ಬೇಕಾಗುವುದು ಇದೇ.

ಅಂತಿಮ ವರದಿಯಲ್ಲಿ ಮಾತ್ರ ಅಧಿಕಾರಿ ತನ್ನ ತೀರ್ಮಾನವನ್ನು ಹೇಳುತ್ತಾರೆ. ಅಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ನಮ್ಮ ಭಾಷೆಯ ಒಂದು ಸೌಕರ್ಯವೇ: 'ಬಂದು, ತಡೆದು, ಬೈದು, ಹೊಡೆದು, ಬೆದರಿಕೆ ಹಾಕಿ' ಎಂದು ಪೋಣಿಸುತ್ತ ಹೋದರೆ ಕರ್ತೃವನ್ನು ಮತ್ತೆ ಹೇಳದೆಯೇ ಅರ್ಧ ಪುಟದ ವಾಕ್ಯ ಕಟ್ಟಬಹುದು. ಆರೋಪಿಗಳು ನಾಲ್ವರಿದ್ದಾಗ ಯಾರು ತಡೆದರು, ಯಾರು ಹೊಡೆದರು ಎಂಬುದು ಆ ಸಾಲಿನಲ್ಲಿ ಮುಳುಗಿಹೋಗುತ್ತದೆ. ಒಬ್ಬ ಆರೋಪಿಯ ಒಂದು ಕೃತ್ಯಕ್ಕೆ ಒಂದು ವಾಕ್ಯವಿರಲಿ: 'ಆರೋಪಿ-1 ಫಿರ್ಯಾದಿಯ ಬೈಕನ್ನು ಅಡ್ಡಗಟ್ಟಿದನು. ಆರೋಪಿ-3 ಬಿದಿರಿನ ಬಡಿಗೆಯಿಂದ ಫಿರ್ಯಾದಿಯ ಎಡಗೈಗೆ ಎರಡು ಏಟು ಹೊಡೆದನು. ಆರೋಪಿ-2 ಮತ್ತು 4 ಫಿರ್ಯಾದಿಯನ್ನು ಹಿಡಿದುಕೊಂಡಿದ್ದರು.' ಪ್ರತಿಯೊಂದರ ಮುಂದೆ ಅದನ್ನು ಹೇಳುವ ಸಾಕ್ಷಿ ಯಾರು, ದಾಖಲೆ ಯಾವುದು ಎಂಬುದನ್ನು ತೋರಿಸಬೇಕು. ಸರ್ವೋಚ್ಚ ನ್ಯಾಯಾಲಯವು 2024ರ ಶರೀಫ್ ಅಹ್ಮದ್ ಪ್ರಕರಣದಲ್ಲಿ, ದೋಷಾರೋಪಣೆ ಪಟ್ಟಿಯ ಎಲ್ಲ ಅಂಕಣಗಳೂ ಸ್ಪಷ್ಟವಾಗಿ, ಪೂರ್ಣವಾಗಿ ತುಂಬಿರಬೇಕು, ಯಾವ ಆರೋಪಿಯ ಪಾತ್ರವೇನು ಎಂಬುದು ತಿಳಿಯುವಂತಿರಬೇಕು ಎಂದು ಹೇಳಿದ್ದು ಇದನ್ನೇ. 'ಅವನು', 'ಆತನು', 'ಸದರಿಯವನು' ಎಂಬುದರ ಬದಲು ಆರೋಪಿಯ ಸಂಖ್ಯೆಯನ್ನು ಬರೆಯುವುದರಿಂದ ಓದು ಸ್ವಲ್ಪ ಒರಟಾದರೂ ಗೊಂದಲ ಉಳಿಯುವುದಿಲ್ಲ.

ಹಳೆಯ ಕಡತದ ಮೇಲೆಯೇ ಹೊಸದನ್ನು ಟೈಪ್ ಮಾಡುವವರು ವಾಹನ ಸಂಖ್ಯೆ, ದಿನಾಂಕ, ಠಾಣೆಯ ಹೆಸರು, ಗುನ್ನಾ ನಂಬರುಗಳನ್ನು ಕೊನೆಗೊಮ್ಮೆ ಬೆರಳಿಟ್ಟು ಓದಬೇಕು. ಲೈಂಗಿಕ ಅಪರಾಧದಲ್ಲಿ ನೊಂದವರ ಗುರುತು ಪತ್ರಿಕಾ ಪ್ರಕಟಣೆಗೆ ಹೋಗುವ ಪ್ರತಿಯಲ್ಲಿ ಉಳಿದಿಲ್ಲವೆಂಬುದನ್ನೂ ಆಗಲೇ ನೋಡಬೇಕು. ಊರಿನ ಹೆಸರು ಮತ್ತು ತಂದೆಯ ಉದ್ಯೋಗ ಎರಡೇ ಇದ್ದರೂ ಸಣ್ಣ ಹಳ್ಳಿಯಲ್ಲಿ ಗುರುತು ಬಯಲಾಗುತ್ತದೆ.

ಅಪರಾಧ ನಡೆದಿಲ್ಲವೆಂದು ಕಂಡು 'ಬಿ' ವರದಿ ಸಲ್ಲಿಸುವಾಗಲೂ, ಆರೋಪಿ ಪತ್ತೆಯಾಗದೆ 'ಸಿ' ವರದಿ ಸಲ್ಲಿಸುವಾಗಲೂ ಇಷ್ಟೇ ಶ್ರದ್ಧೆ ಬೇಕು. ಕಳ್ಳರು ಪತ್ತೆಯಾಗಿಲ್ಲ ಎಂಬ ಒಂದು ಸಾಲಿಗಿಂತ, ಯಾವ ಯಾವ ದಾರಿಯಲ್ಲಿ ಹುಡುಕಲಾಯಿತು, ಪ್ರತಿಯೊಂದೂ ಎಲ್ಲಿ ನಿಂತಿತು ಎಂಬ ವಿವರ ಫಿರ್ಯಾದಿಗೂ ನ್ಯಾಯಾಲಯಕ್ಕೂ ಸಲ್ಲಬೇಕಾದದ್ದು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಫಿರ್ಯಾದಿಗೆ ಅಥವಾ ನೊಂದವರಿಗೆ ತಿಳಿಸಬೇಕೆಂಬ ನಿಯಮ ಈಗ ಇರುವುದರಿಂದ, ಆ ತಿಳಿವಳಿಕೆ ಪತ್ರವನ್ನೂ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಪ್ರತಿಯನ್ನು ಕಡತದಲ್ಲಿಡಬೇಕು. ಮುಂದೆ ಹೊಸ ಸಾಕ್ಷ್ಯ ದೊರೆತು ಹೆಚ್ಚುವರಿ ವರದಿ ಸಲ್ಲಿಸಬೇಕಾದರೆ ಹಳೆಯದನ್ನು ಮತ್ತೆ ನಕಲು ಮಾಡುವ ಅಗತ್ಯವಿಲ್ಲ. ಹೊಸದಾಗಿ ಸಿಕ್ಕಿದ್ದೇನು, ಅದು ಎಲ್ಲಿಂದ, ಯಾವ ದಿನ ಬಂತು, ಮೊದಲೇ ಏಕೆ ಸಿಗಲಿಲ್ಲ, ಮೊದಲಿನ ವರದಿಯ ಯಾವ ಭಾಗ ಅದರಿಂದ ಬದಲಾಗುತ್ತದೆ ಎಂಬುದನ್ನಷ್ಟೇ ಬರೆಯಬೇಕು. ವಿಚಾರಣೆ ಶುರುವಾದ ಮೇಲಾದರೆ ನ್ಯಾಯಾಲಯದ ಅನುಮತಿ ಪಡೆದು, 90 ದಿನಗಳ ಅವಧಿಯಲ್ಲಿ ಆ ಹೆಚ್ಚಿನ ತನಿಖೆಯನ್ನು ಮುಗಿಸಬೇಕು. ಅವಧಿ ಸಾಲದಿದ್ದರೆ ವಿಸ್ತರಣೆಯನ್ನೂ ನ್ಯಾಯಾಲಯದಿಂದಲೇ ಪಡೆಯಬೇಕು.